ಕತ್ತರಿಸದೆ ಉಳಿದ ಸಾಲು

…ಹೊರಗ ನಿಂತು ಯಾಕ ಕೇಳತಿ ಕೈಸರಾ, ಮ್ಯಾಲ ಬಾ. ಚಪ್ಪಲಿ ಅಲ್ಲೇ ಇರಲಿ, ಯಾರೂ ಒಯ್ಯಂಗಿಲ್ಲ. ಹಾಂ, ಈ ಕಂಬಳಿ ಮ್ಯಾಲ ಕುಂದ್ರು. ಹೊಸಬನಂಗ ಹೊಸ್ತಿಲ ಹತ್ರ ಯಾಕ ಕುಂತಿ? ಮೂರು ವರ್ಷ ನಿಮ್ಮ ಯುವ ವೇದಿಕೆಯ ಸಭಾ ಇದ ಪಡಸಾಲ್ಯಾಗ ನಡದಾವು. ಆ ಕಂಬಕ್ಕ ಬೆನ್ನು ಕೊಟ್ಟು ಕುಂದರಾಂವ ನೀನು. ನಿನ್ನ ತಲಿ ಎಣ್ಣಿ ಹತ್ತಿ ಕಂಬಕ್ಕ ಕರೀ ಗುರುತು ಬಿದ್ದೈತಿ, ನೋಡಿಲ್ಲಿ, ಇನ್ನೂ ಐತಿ.

ಇರಲಿ. ನಿನಗೆಲ್ಲಿ ಹಗುರ ಅನಸ್ತೈತಿ ಅಲ್ಲೇ ಕುಂದ್ರು.

ಅರ್ಜಿ ಬರದುಕೊಡು ಅಂದಿ. ಕೊಡೋಣ. ನಾ ತಿಳಕೊಂಡದ್ದು ಬರೋಬ್ಬರಿ ಐತೇನು ನೋಡು. ಪ್ರಾಥಮಿಕ ಶಾಲಿ ಮಾಸ್ತರಿಕಿ ಪಟ್ಟ್ಯಾಗ ನಿನ್ನ ಹೆಸರು ಬಂದೈತಿ. ಬ್ಯಾಡಗಿ ಬೆಂಕಿ ಕೇಸಿನ್ಯಾಗೂ ನಿನ್ನ ಹೆಸರು ಐತಿ. ಅದಕ್ಕ ಪೊಲೀಸರ ವರದಿ ಕೆಟ್ಟು ಬಂದು ಆರ್ಡರು ತಡದಾರ. ಊರ ಹಿರೇರು ಯಾರರೆ, ಈ ಹುಡುಗನ್ನ ಸಣ್ಣಾಂವಿದ್ದಾಗಿಂದ ಬಲ್ಲಿವಿ, ನಡತಿ ಚಲೋ ಐತಿ ಅಂತ ಬರದು ಹಾವೇರಿಗೆ ಕೊಟ್ರ ಸಾಹೇಬರು ನೋಡ್ತಾರೋ ಏನೋ. ಇಷ್ಟ ಅಲ್ಲೇನು? … ತಲಿ ಅಲ್ಲಾಡಸಿದ್ರ ಹೌದೋ ಅಲ್ಲೋ ತಿಳಿಯಂಗಿಲ್ಲಪಾ. ಮೊದಲೆಲ್ಲಾ ನಿನ್ನ ಬಾಯಿ ಮುಚ್ಚಸೂದ ಕಷ್ಟ ಇತ್ತು. ನಮ್ಮ ಮೋಟೆಬೆನ್ನೂರಿನ ಬಸ್ ಸ್ಟ್ಯಾಂಡಿನ್ಯಾಗ ನಿಂತು ಮಾತಾಡಿದ್ರ ಬ್ಯಾಡಗಿ ತನಕ ಕೇಳಸ್ತಿತ್ತು.

ಚಾ ಬಂತು, ತಗೋ. ನಿಮ್ಮ ಕಾಕಿ ಮಂಗಳವ್ವ ನಿನಗಂತ ಯಾಲಕ್ಕಿ ಜಜ್ಜಿ ಹಾಕ್ಯಾಳ. … ಆಮ್ಯಾಲ ಕುಡೀತಿ? ಆತು, ಇಲ್ಲಿಟ್ಟಿರತೇನಿ.

ಹಾಳಿ ನೀನ ತಂದಿ. ಪೆನ್ನೂ ತಂದಿ. ಈ ಹೇಮಪ್ಪ ಕಾಕಾನ ಮನ್ಯಾಗ ಒಂದು ಹಾಳಿ ಹುಟ್ಟಂಗಿಲ್ಲ ಅನಕೊಂಡ್ಯೇನು? … ನಗು, ನಗು. ನೀ ನಕ್ಕರ ನನಗೂ ಹಗುರ ಆಗತೈತಿ. … ನಗಲಿಲ್ಲೇನು? ನನಗ ಹಂಗ ಕಂಡಿತು. ಕನ್ನಡಕ ಹಳೇದಾಗೈತಿ.

ನಿಮ್ಮ ಅರ್ಜಿ ಎಲ್ಲಾ ಬರದಾಂವ ನಾನ. ಆರು ಮಂದಿ ಹುಡುಗರು ನೀವು, ಹುಡಿಗ್ಯಾರ ಪೈಕಿ ನನ್ನ ಮಗಳು ದ್ರಾಕ್ಷಾಯಿಣಿ ಒಬ್ಬಾಕಿ. ಕಾಲೇಜು ಕಲತವರು, ಆದ್ರ ಒಬ್ಬರ ಅಕ್ಷರ ಇನ್ನೊಬ್ಬರಿಗೆ ಓದಾಕ ಬರತಿದ್ದಿಲ್ಲ. ನಾನು ಏಳನೇತ್ತ ತನಕ ಕಲತಾಂವ. ಆದ್ರ ನಮ್ಮ ಊರ ಶಾಲಿ ಮಾಸ್ತರು ಮರಳ ಮ್ಯಾಲ ತಿದ್ದಿಸಿ ತಿದ್ದಿಸಿ ಕೈ ಕೂಡಿಸಿದವರು. ದೇವರ ಹೆಸರು ಹಾಕದ ಹಾಳಿ ಮ್ಯಾಲ ಒಂದಕ್ಷರ ಬರದ್ರ ಬೆರಳ ಗಂಟಿನ ಮ್ಯಾಲ ರೂಲಪಟ್ಟಿ ಬೀಳತಿತ್ತು. ಅವತ್ತಿನಿಂದ ಇವತ್ತಿನ ತನಕ, ಕಿರಾಣಿ ಯಾದಿ ಬರೀಲಿ, ಬೀಗರಿಗೆ ಕಾಗದ ಬರೀಲಿ, ಹಾಳಿಯ ನೆತ್ತಿ ಮ್ಯಾಲ ಮೊದಲ 'ಶ್ರೀ ಮಾಲತೇಶ ಪ್ರಸನ್ನ'. ಆ ಸಾಲಿನ ಮ್ಯಾಲ ದೇವರಗುಡ್ಡದ ಭಂಡಾರ ಒಂದು ಬೆರಳು. ಆ ಅರಿಷಿಣ ಮುಟ್ಟಸದ ಒಂದು ಕಾಗದ ನನ್ನ ಕೈಯಿಂದ ಹೊರಗ ಹೋಗಿಲ್ಲ.

ಮೊದಲನೇ ಅರ್ಜಿ ಬರದ ದಿನ ಎಷ್ಟು ನಕ್ರಿ ನೀವೆಲ್ಲಾ. ರಾಣೇಬೆನ್ನೂರಿನ ಕಿರಣಕುಮಾರಗ ಮಾತ್ರ ನಗಿ ಬರಲಿಲ್ಲ. ಕಾಕಾ, ನಮ್ಮದು ಜಾತಿ ದೇವರು ಬಿಟ್ಟ ಸಂಘಟನಿ, ತಹಶೀಲ್ದಾರರಿಗೆ ಕೊಡೂ ಕಾಗದದ ಮ್ಯಾಲ ಮಾಲತೇಶನ ಕೆಲಸ ಏನು ಅಂದ. ನಾನು ಪೆನ್ನು ಕೆಳಗಿಟ್ಟೆ. ಸಿಟ್ಟಿಗಲ್ಲ, ಕೈ ಮುಂದ ಹೋಗಲಿಲ್ಲ. ಆಗ ನೀನ ಅಂದಿ, 'ಇರಲಿ ಬಿಡೋ ಕಿರಣಾ. ಆ ಸಾಲು ಬರೀದಿದ್ರ ಕಾಕಾಗ ಕೆಳಗಿನ ಸಾಲು ಬರಂಗಿಲ್ಲ.' ಈ ಮಾತು ನಾ ಮರತಿಲ್ಲ. ನಮ್ಮ ಮಂದ್ಯಾಗ ಯಾರೂ ನನ್ನ ಅಷ್ಟು ತಿಳಕೊಂಡು ಮಾತಾಡಿರಲಿಲ್ಲ.

ದ್ರಾಕ್ಷಾಯಿಣಿ ಅದಕ್ಕೊಂದು ದಾರಿ ಮಾಡಿದಳು. ನಾ ಬರದು ಮುಗಿಸಿದ ಮ್ಯಾಲ ಆಕಿ ರೂಲಪಟ್ಟಿ ಇಟ್ಟು, ಬ್ಲೇಡಿನಿಂದ ಆ ಒಂದು ಸಾಲು ನೆಟ್ಟಗ ಕೊಯ್ದು ತಗೀತಿದ್ದಳು. ಕೊಯ್ದ ಪಟ್ಟಿ ಕಸಕ್ಕ ಹಾಕತಿದ್ದಿಲ್ಲ, ದೇವರ ಜಗಲಿ ಮ್ಯಾಲ ಇಡತಿದ್ದಳು. ವರ್ಷಕ್ಕೊಮ್ಮೆ ಮೇಡ್ಲೇರಿಗೆ ಹೋದಾಗ ಎಲ್ಲಾ ಕೂಡಿಸಿ ಹೊಳ್ಯಾಗ ಬಿಟ್ಟು ಬರತಿದ್ವಿ. ಹಿಂಗಾಗಿ ನಿಮ್ಮ ವೇದಿಕೆಯ ಅರ್ಜಿ ಎಲ್ಲಾ ಬ್ಯಾರೆಯವರ ಅರ್ಜಿಗಿಂತ ಎರಡು ಬೆರಳು ಗಿಡ್ಡ. ಕಚೇರಿ ಗುಮಾಸ್ತ ಕೇಳಿದ್ನಂತಲ್ಲ, ನಿಮಗ ಹಾಳಿ ತುಂಡು ಮಾಡಿ ಯಾವ ಅಂಗಡ್ಯಾಗ ಮಾರತಾರಪಾ ಅಂತ.

ಅದು ಹೋಗಲಿ. ಏನು ದೊಡ್ಡದು ಕೇಳಿದ್ರಿ ನೀವು? ಮೆಣಸಿನಕಾಯಿ ತೊಟ್ಟು ಮುರಿದು ತುಂಬು ಬಿಡಿಸೋ ಹೆಣ್ಣಮಕ್ಕಳಿಗೆ ಒಂದು ನೆರಳು, ಕುಡಿಯಾಕ ಒಂದು ನಳ, ಕೂಸುಗಳ ತೊಟ್ಟಿಲ ಕಟ್ಟಾಕ ಒಂದು ಖೋಲಿ. ಅಷ್ಟ. ದಿನಾ ಮುಂಜಾನಿಂದ ಸಂಜಿತನ ಕಾಯಿ ಮುರಿದ ಕೈ ಅದು, ಉರೀ ಕೈ. ಆ ಕೈಲೆ ತಾಯಿ ತನ್ನ ಕೂಸಿನ ಮುಖ ಮುಟ್ಟಾಕ ಬರಂಗಿಲ್ಲ ಅಂತ ನೀ ಹೇಳಿದಾಗ ನಾ ಪೆನ್ನು ನಿಲ್ಲಿಸಿ ನಿನ್ನ ಮಾರಿ ನೋಡಿದೆ. ಅದನ್ನ ಹಂಗ ಬರದೆ ಅರ್ಜ್ಯಾಗ. ನಿಮ್ಮವ್ವನೂ ಇದ ಕೆಲಸ ಮಾಡತಿದ್ದಳು, ನಿಮ್ಮಪ್ಪ ಚಮನಸಾಬ ಅದ ಬ್ಯಾಡಗಿ ಬಜಾರದಾಗ ಚೀಲ ಹೊರಾಂವ. ನೀ ಪುಸ್ತಕದಾಗ ಓದಿ ಹೇಳಿದ್ದಲ್ಲ.

ಮೊದಲನೇ ವರ್ಷ ನಳ ಬಂತು. ನಾನೂ ಬಂದಿದ್ದೆ ಅವತ್ತು, ನೆನಪೈತೇನು? ಹುಡುಗರು ಒಬ್ಬರ ಮ್ಯಾಲೊಬ್ಬರು ನೀರು ಎರಚಿದ್ರಿ. ಮುದುಕಿ ಗುಡ್ಡವ್ವ ಸೆರಗಿಲೆ ನನ್ನ ಅಂಗಿ ಒರಿಸಿ, ಯಜಮಾನ್ರ ನೀವು ಬರದದ್ದಕ್ಕ ನೀರು ಬಂತು ನೋಡ್ರಿ ಅಂದಳು. ನಾ ಬೊಗಸಿ ಒಡ್ಡಿ ಕುಡದೆ. ಲೋಕ ಹಿಂಗೂ ಸುಧಾರಿಸೀತು ಅಂತ ಅನಿಸಿತ್ತಪಾ ನನಗ. ಖರೇ ಹೇಳತೇನಿ.

ಈಗ ಆ ನಳದ ತಿರುವು ಯಾರೋ ಕಿತಕೊಂಡು ಹೋಗ್ಯಾರ. ನೀರು ಬಿಟ್ರ ಗಟಾರಕ್ಕ ಹೋಗತೈತಿ. ಹೆಣ್ಣಮಕ್ಕಳು ಮತ್ತ ಬಿಸಲಾಗ ಕುಂದರತಾರ. ಹೋದ ವಾರ ಬ್ಯಾಡಗಿಗೆ ಹೋದಾಗ ಮಾತಾಡಸಿದೆ. ಹುಡುಗರು ಬಂದಿದ್ರು, ಹೋದ್ರು, ನಾವೆಲ್ಲಿ ಹೋಗೂಣ್ರಿ ಅಂದಳು ಮರಿಯವ್ವ. ಆಕಿ ಕೈ ನಿಲ್ಲಲಿಲ್ಲ, ಮಾತಾಡತಾ ತುಂಬು ಬಿಡಸ್ತಾನ ಇದ್ದಳು. ಕಿರಣಕುಮಾರ ನೀವು ಧರಣಿ ಕುಂತ ಅದ ಗೋದಾಮಿನ ಮಾಲಕನ ಲಾರಿ ನೋಡಿಕೊಂಡದಾನ. ನನ್ನ ಕಂಡು ಕೈ ಮುಗದ. ಇನ್ನ ಧಾರವಾಡದಾಗ ಕುಂತ ನಿಮ್ಮ ಸಂಘಟನಿ ಹಿರೇರು… ನಿನ್ನ ಹಿಡಕೊಂಡು ಹೋದ ಮ್ಯಾಲ ಒಂದು ಪತ್ರ ಬರದ್ರಂತಲ್ಲ, ಸ್ಥಳೀಯ ಹುಡುಗರು ನಮ್ಮನ್ನ ಕೇಳಿ ಮಾಡಿದ್ದಲ್ಲ ಅಂತ. ಅವರೂ ಕಲತವರ. ಅವರಿಗೆ ಅಕ್ಷರ ಬರತಾವು.

ಯಾಕ ಹಂಗ ನೋಡತಿ? ಚಾ ಆರತೈತಿ.

ಬರೀತೇನಿ, ಬರೀತೇನಿ. ಅವಸರ ಬ್ಯಾಡ. ಚಲೋ ನಡತಿ ಅಂತ ಬರಿಯಾಕ ಮೊದಲ ಅವತ್ತು ಏನಾತು ಅಂತ ನನ್ನ ತಲ್ಯಾಗ ನೆಟ್ಟಗ ಆಗಬೇಕಲ್ಲ.

ಹೋದ ವರ್ಷ ಹೋಳಿ ಹುಣ್ಣಿವಿ ಮುಂದ. ಗೋದಾಮಿನ ಗೇಟಿನ ಮುಂದ ನಿಮ್ಮ ಧರಣಿ, ನಾಲ್ಕನೇ ದಿನ. ಹೆಣ್ಣಮಕ್ಕಳು ಚೀಲ ಹಾಸಿಕೊಂಡು ಕುಂತಿದ್ರು. ಮಗ್ಗಲದಾಗ ಒಡದ ಕಾಯಿ, ಬಿಡಿಸಿ ಒಗದ ತುಂಬು, ದೊಡ್ಡ ಒಟ್ಟಲು. ಸ್ಟೋವಿನ ಕಿಡಿನೋ, ಯಾರರೆ ಸೇದಿ ಒಗದ ಬೀಡಿನೋ, ಅದಕ್ಕ ಬೆಂಕಿ ಬಿತ್ತು. ಬೆಂಕಿ ಸಣ್ಣದು. ಹೊಗಿ ಸಣ್ಣದಲ್ಲ. ಮೆಣಸಿನಕಾಯಿ ಹೊಗಿ ಒಂದು ಬಾಣಲಿ ಎದ್ರ ಓಣಿಮಂದಿ ಕೆಮ್ಮತಾರ, ಇಲ್ಲಿ ಒಟ್ಟಲಕ್ಕ ಒಟ್ಟಲ ಸುಡಾಕ ಹತ್ತಿತ್ತು. ಕಣ್ಣು ತಗಿಯಾಕ ಬರದ ಮಂದಿ ಕೂಸು ಎತಗೊಂಡು ಓಡಿದ್ರು. ಗುಡ್ಡವ್ವ ಓಡೋ ಮಂದಿ ಕಾಲಾಗ ಬಿದ್ದಳು. ಸೊಂಟ ಮುರೀತು. ಇವತ್ತಿಗೂ ಹೊರಸಿನ ಮ್ಯಾಲ ಅದಾಳ. ಗೋದಾಮು ಅರ್ಧ ಸುಟ್ಟಿತು.

ನೀ ಆ ಹೊತ್ತಿಗೆ ಅಲ್ಲಿರಲಿಲ್ಲ. ರೈಲ್ವೆ ಸ್ಟೇಶನ್ನಿನ ಕಡೆ ಕೊಡ ತಗೊಂಡು ನೀರಿಗೆ ಹೋಗಿದ್ದಿ. ಹೊಗಿ ನೋಡಿ ಓಡಿ ಬಂದು ಗುಡ್ಡವ್ವನ್ನ ಬೆನ್ನ ಮ್ಯಾಲ ಹೊತಗೊಂಡು ದವಾಖಾನಿಗೆ ಹೋದಾಂವ ನೀನ. ದವಾಖಾನ್ಯಾಗ ನಿನ್ನ ಹಿಡದ್ರು. ನಲವತ್ತು ದಿನ ಒಳಗ. ಇದು ನನಗ ಗೊತ್ತಿಲ್ಲೇನು? ಗೊತ್ತೈತಿ. ಊರಿಗೆಲ್ಲಾ ಗೊತ್ತೈತಿ.

ಆದ್ರ ಠಾಣ್ಯಾಗ ಮೊದಲ ಒಂದು ಮೂಗರ್ಜಿ ಬಂದು ಕುಂತಿತ್ತು. ಬರದವರ ಹೆಸರಿಲ್ಲ, ಸಹಿ ಇಲ್ಲ. ಧರಣಿ ಶುರು ಆಗೂಕಿಂತ ಎರಡು ದಿನ ಮೊದಲ ಬಂದದ್ದು. ಅದರಾಗ ನಿನ್ನದೊಂದ ಹೆಸರು. ಬೆಂಕಿ ಬಿದ್ದ ಕೂಡ್ಲೇ ಅವರು ಆ ಕಾಗದ ತಗದು ನೋಡಿದ್ರು, ನೋಡ್ರಿ ಮೊದಲ ಹೇಳಿದ್ದಾರ ಅಂದ್ರು. ಅಷ್ಟ ಸಾಕಾತು.

ಯಾರು ಬರದಿರಬಹುದು… ನನಗ ಗೋದಾಮಿನ ಮಾಲಕನ ಕಡೆಯವರ ಮ್ಯಾಲನ ಸಂಶೇ. ಇಲ್ಲಾಂದ್ರ ಗಾಡಿ ಹೊಡಿಯೋ ಗೂಡುಸಾಬ. ಧರಣಿ ಮಾಡಿದ್ರ ನನ್ನ ಗಾಡಿ ನಿಲ್ಲತೈತಿ ಅಂತ ನಿನ್ನ ಕೂಡ ಜಗಳ ತಗದಿದ್ದ, ಹೌದಿಲ್ಲೋ? … ಏನು? ಹೆಬ್ಬೆಟ್ಟಾ? ಹೌದು ಹೌದು, ಗೂಡುಸಾಬಗ ಅಕ್ಷರ ಬರಂಗಿಲ್ಲ. ನೀ ಹಂಗ ನೋಡಿದಾಗ ನೆನಪಾತು. ಮತ್ಯಾರನ್ನೋ ಹಿಡದು ಬರಿಸಿರಬೇಕು.

ಪಾಪ, ಬರದಾಂವ ಬೆಂಕಿ ಮಾತು ಬರದಿರಲಿಲ್ಲ. ಈ ಹುಡುಗರು ಏನರೆ ಅನಾಹುತ ಮಾಡಿಕೊಳ್ಳೂ ಮೊದಲ ಕರೆಸಿ ಬುದ್ಧಿ ಹೇಳಬೇಕು, ಅಂತ ಅಷ್ಟ ಇತ್ತು. … ಇತ್ತಂತ. ಹಂಗಂತ ಊರಾಗ ಮಾತಾಡತಿದ್ರು. ಯಾರು ಅಂದ್ರ… ಯಾರೋ.

ನೀ ಒಂದು ಮಾತು ಕೇಳವಲ್ಲಿ ಕೈಸರಾ. ಮೊದಲು ಜೈಲಿನಿಂದ ಬಂದಾಗ ಕಂಡ ಕಂಡವರಿಗೆ ಕೇಳತಿದ್ಯಂತ, ಯಾರು ಬರದಾರ, ಯಾರು ಬರದಾರ ಅಂತ. ಇವತ್ತು ಇಷ್ಟು ಹೊತ್ತಾತು, ಕೇಳಲಿಲ್ಲ.

ಬ್ಯಾಸರಾಗಿರಬೇಕು. ಹೌದು. ಮನಷ್ಯಾಗ ಬ್ಯಾಸರಾಗತೈತಿ.

ದ್ರಾಕ್ಷಾಯಿಣಿ ಹೆಂಗದಾಳ ಅಂತನೂ ಕೇಳಲಿಲ್ಲ. ಮೇಡ್ಲೇರ್ಯಾಗ ಅದಾಳ, ಅವರ ಸೋದರಮಾವನ ಮನ್ಯಾಗ. ಆರಾಮ ಅದಾಳ. ಹೊಲದಾಗ ಕೆಲಸ ಕಲತಾಳಂತ. ನಿಮ್ಮಪ್ಪನ ಕೂಡ ವಕೀಲರ ಹತ್ರ ಕೇಸಿನ ಕಾಗದ ತರಾಕ ಹೋಗಿದ್ದಳಲ್ಲ, ಬಂದ ಮರುದಿನ ಮುಂಜಾನೆನ ಚೀಲ ಕಟಗೊಂಡು ಹೋದಳು. ನಾಲ್ಕು ದಿನ ಇದ್ದು ಬರತೇನಿ ಅಂದಳು. ಆರು ತಿಂಗಳಾತು. ಕಾಯಿನ್ ಬಾಕ್ಸಿನಿಂದ ಮಗ್ಗಲ ಮನಿ ಫೋನಿಗೆ ಅವ್ವನ್ನ ಕರಿಸಿ ಮಾತಾಡತಾಳ. ಅಪ್ಪಗ ಕೊಡತೇನಿ ಅಂದ್ರ ಲೈನು ಕಟ್ ಆಗತೈತಿ. ಹೊಳಿದಂಡಿ ಊರು, ಲೈನು ನೆಟ್ಟಗಿರಂಗಿಲ್ಲ.

ಆಕಿದೊಂದ ಚಿಂತಿ ನನಗ. ಅವಾಗೂ, ಇವಾಗೂ. ನಿನ್ನ ಮುಂದ ಮುಚ್ಚೂದೇನೈತಿ. ಬ್ಯಾಡಗಿಯಿಂದ ಕಡೇ ಬಸ್ಸಿಗೆ ನೀವಿಬ್ಬರೂ ಇಳಿಯೂದು ನೋಡಿ ಊರಾಗ ಮಾತು ಎದ್ದಿತ್ತು. ನನಗ ಸಂಶೇ ಇರಲಿಲ್ಲ. ಆಕಿ ನಿನಗ ಅಣ್ಣಾ ಅಂತಿದ್ದಳು, ಆ ಅಣ್ಣಾ ಅನ್ನೂದರಾಗ ಕಪಟ ಇರಲಿಲ್ಲ. ಆದ್ರ ಆಕಿನ್ನ ನೋಡಾಕ ಬರಬೇಕಾದವರು ಮೋಟೆಬೆನ್ನೂರು ಸ್ಟ್ಯಾಂಡಿನ್ಯಾಗ ಇಳದು, ಯಾರದೋ ಮಾತು ಕೇಳಿ, ಮನಿತನಕ ಬರದ ತಿರಿಗಿ ಹೋದ್ರು. ಹುರಕ್ಕಿ ಹೋಳಿಗಿ ಮಾಡಿಟ್ಟುಕೊಂಡು ಕುಂತಿದ್ವಿ ನಾವು. ಅವತ್ತು ನಾ ಆಕಿಗೆ ಅಂದೆ, ಸಾಕವಾ, ನಾಳಿಂದ ಆ ವೇದಿಕೆಗೆ ಹೋಗಬ್ಯಾಡ. ಆಕಿ ದನಿ ಏರಿಸಲಿಲ್ಲ. 'ಅಪ್ಪಾ, ಆ ಅರ್ಜಿ ಬರದಾಂವ ನೀನ. ನೀ ಬರದದ್ದು ಖರೇನೋ ಸುಳ್ಳೋ, ಅದೊಂದು ಹೇಳು' ಅಂದಳು.

ನಾ ಎದ್ದು ಹೋಳಿಗಿ ಬುಟ್ಟಿ ಮುಚ್ಚಾಕ ಹೋದೆ.

ಯಾರರೆ ಹಿರೇರು, ಸರಕಾರದವರು, ಒಮ್ಮೆ ಕರೆಸಿ ಗದರಿಸಿದ್ರ ಹುಡುಗರು ತಾವಾಗೇ ಚದರತಾರ, ಮಗಳು ಮನ್ಯಾಗ ಉಳೀತಾಳ ಅಂತ… ಅಂತ ಯಾವ ತಂದಿಗಾದ್ರೂ ಅನಸ್ತೈತಿ. ಅನಸೂದು ಬ್ಯಾರೆ, ಮಾಡೂದು ಬ್ಯಾರೆ.

ಆತು. ಮಾತು ಸಾಕು. ಹಾಳಿ ಕೊಡು. ಆ ಮಣಿ ಇತ್ತಾಗ ಸರಿಸು, ಅದರ ಮ್ಯಾಲಿಟ್ಟು ಬರೀತೇನಿ. ತಡಿ, ಜಗಲಿ ಮ್ಯಾಲಿನ ಭಂಡಾರದ ಬಟ್ಟಲ ತರತೇನಿ.

ಹಾಂ. ಮೊದಲ ಇದು. ಶ್ರೀ… ಮಾಲತೇಶ… ಪ್ರಸನ್ನ. ಅಕ್ಷರ ಇನ್ನೂ ಕೆಟ್ಟಿಲ್ಲ ನೋಡು. ಶ್ರೀಯ ಬಾಲ ಹಂಗ ಬಂದೈತಿ. ಇನ್ನ ಭಂಡಾರ… ಒಂದು ಬೆರಳು. ಆತು. ಈಗ ಕೆಳಗ ಹೇಳು, ಮಾನ್ಯ ಸಾಹೇಬರಿಗೆ ಅಂತ ಶುರು ಮಾಡಲೇನು?

ಯಾಕ ನಗವಲ್ಲಿ? ಈ ಸಾಲು ಬರದಾಗೆಲ್ಲಾ ನಗತಿದ್ದಿ ನೀನು. ಮಾಲತೇಶ ಬಂದ್ನೇನು ಕಾಕಾ, ಇನ್ನ ನಾವು ಬರಬಹುದೇನು ಅಂತಿದ್ದಿ.

ಒಮ್ಮೆ ನಗೋ ತಮ್ಮಾ.

… ಏನದು, ಕಿಸೆದಾಗ? ಝೆರಾಕ್ಸು. ವಕೀಲರು ಕೊಟ್ಟದ್ದೇನು. ಅದನ್ನ ಈ ಹಾಳಿ ಮಗ್ಗಲಕ್ಕ ಯಾಕ ಇಟ್ಟಿ?

ಬ್ಯಾಡ, ಎತ್ತಿ ಹಿಡಿಬ್ಯಾಡ. ಕಾಣತೈತಿ.

ಹೆಸರು ಹಾಕಬಾರದು ಅಂತ ನೆನಪಿಟ್ಟಿದ್ದೆ. ಊರು ಬರೀಬಾರದು ಅಂತ ನೆನಪಿಟ್ಟಿದ್ದೆ. ಕೆಳಗಿನ ಅಕ್ಷರ ಸೈತ ಎಡಕ್ಕ ವಾಲಿಸಿ ಬರದೆ, ಯಾರೂ ಗುರುತು ಹಿಡೀಬಾರದು ಅಂತ. ಟಪಾಲಿಗೆ ಹಾಕಾಕ ಮೋಟೆಬೆನ್ನೂರು ಬಿಟ್ಟು ರಾಣೇಬೆನ್ನೂರಿಗೆ ಹೋಗಿದ್ದೆ. ಆದ್ರ ನೆತ್ತಿ ಮ್ಯಾಲಿನ ಈ ಸಾಲು… ಇದನ್ನ ನಾ ಬರೀಬೇಕು ಅಂತ ಬರಿಯಂಗಿಲ್ಲ ಕೈಸರಾ. ಕೈ ಬರೀತೈತಿ. ಭಂಡಾರದ ಬೆರಳೂ ಬಿದ್ದೈತಿ ನೋಡು. ಝೆರಾಕ್ಸಿನ್ಯಾಗ ಅರಿಷಿಣ ಕರ್ರಗ ಬಂದೈತಿ. ಅವತ್ತು ಕೊಯ್ದು ತಗಿಯಾಕ ಮಗ್ಗಲದಾಗ ಆಕಿ ಇರಲಿಲ್ಲ.

ಆಕಿ ನೋಡ್ಯಾಳ. ವಕೀಲರ ಮನ್ಯಾಗ. ಕೇಸಿನ ಕಾಗದ ತಿರಿವಿ ಹಾಕಿದಾಗ ಎಲ್ಲಾರಿಗಿಂತ ಮೊದಲ ಆಕಿಗೆ ಕಂಡಿರಬೇಕು. ಮೂರು ವರ್ಷ ಬ್ಲೇಡು ಹಿಡದಾಕಿ. … ಹೌದನ್ನಬ್ಯಾಡ. ತಿಳೀತು. ಮೇಡ್ಲೇರಿಯ ಲೈನು ಕೆಟ್ಟಿರಲಿಲ್ಲ.

ಅದಷ್ಟ ಅಲ್ಲ. ಇನ್ನೊಂದು ಐತಿ, ನೀ ಕೇಳದಿದ್ರೂ ಹೇಳತೇನಿ, ಇಲ್ಲಾಂದ್ರ ಇದೂ ಒಳಗ ಕುಂದರತೈತಿ. ಆರು ಮಂದಿ ಇದ್ರಿ. ಕಿರಣಕುಮಾರ ನಿನಗಿಂತ ಹೆಚ್ಚಿಗೆ ಕೂಗಾಡಾಂವ. ಆತನ ಹೆಸರು ಬರದಿದ್ರ ಆ ಕಾಗದ ಫೈಲಿನ ತಳದಾಗ ಬೀಳತಿತ್ತು. ನಿನ್ನ ಹೆಸರು ಬರದ್ರ ಅವರು ಲಗೂ ಓದತಾರ ಅಂತ ನನಗ ಗೊತ್ತಿತ್ತು. ಗೊತ್ತಿದ್ದ ಬರದೆ. ದಿನಾ ಪೂಜಿ ಮಾಡಿ ವಿಭೂತಿ ಹಚಗೋ ಕೈ ಇದು. ನಿಮ್ಮಪ್ಪನ ಕೂಡ ಒಂದ ಬಾವಿ ನೀರು ಕುಡದು ಬೆಳದಾಂವ ನಾನು.

ಬೈಯಿ ನನ್ನ. ಈ ಬಟ್ಟಲ ಎತ್ತಿ ಒಗಿ.

… ಹಾಳಿ ಯಾಕ ತಗೊಂಡಿ? ಇನ್ನೂ ಬರದ ಇಲ್ಲ. ನಡತಿ ಚಲೋ ಅಂತ ಬರೀಬೇಕಲ್ಲ, ಹಾವೇರಿಗೆ… ಈ ಸಲ ಹೆಸರು ಹಾಕಿ ಬರದುಕೊಡತೇನಿ. ಬ್ಯಾಡೇನು?

ಇಷ್ಟ ಸಾಕೇನು ನಿನಗ? ಈ ಒಂದು ಸಾಲಿಗಂತ ಬಂದಿದ್ದಿ.

ತಿಳೀತು. ವಕೀಲರು ಎರಡೂ ಹಾಳಿ ಜೋಡಿಸಿ ಕೋರ್ಟಿನ್ಯಾಗ ಇಡತಾರ. ನನ್ನ ಕರಸ್ತಾರ, ಇದು ನಿನ್ನ ಕೈಯೇನು ಅಂತ ಕೇಳತಾರ. ಹೌದು ಅಂತೇನೋ, ಅಲ್ಲ ಅಂತೇನೋ, ಇವತ್ತು ನಿನಗ ಮಾತು ಕೊಡಾಕ ಬರಂಗಿಲ್ಲ ನನಗ. ಅಷ್ಟು ಧೈರ್ಯ ಇದ್ದಿದ್ರ ಅವತ್ತ ಹೆಸರು ಹಾಕತಿದ್ದೆ. ಹೌದು ಅಂದ್ರೂ ನಿನ್ನ ಮಾಸ್ತರಿಕಿ ಆ ಹೊತ್ತಿಗೆ ಇನ್ನೊಬ್ಬನ ಪಾಲಾಗಿರತೈತಿ. ನೆರಳೂ ಬರಂಗಿಲ್ಲ, ಗುಡ್ಡವ್ವ ಏಳಂಗಿಲ್ಲ. ಮೇಡ್ಲೇರಿಯಿಂದ ಆಕಿ…

ಹೊಂಟ್ಯಾ? ಚಾ ಹಂಗ ಉಳೀತು.

ತಡಿ, ಹಂಗ ನಾಲ್ಕು ಮಡಿಕಿ ಮಾಡಬ್ಯಾಡ. ಆ ಸಾಲಿನ ಮ್ಯಾಲ ಮಡಿಕಿ ಬೀಳದಂಗ ಮಡಚಪಾ. ಅಳಿಸಿ ಹೋದೀತು.